ಉಯಿಲು

ಒಬ್ಬ ವ್ಯಕ್ತಿ ತನ್ನ ಸ್ವತ್ತು ತನ್ನ ಮರಣಾನಂತರ ಯಾರಿಗೆ, ಎಷ್ಟು, ಯಾವ ಷರತ್ತಿನ ಮೇಲೆ ಸೇರಬೇಕೆಂದು ಬದುಕಿರುವಾಗಲೇ ಕಾನೂನುಬದ್ಧವಾಗಿ ಮಾಡುವ ಘೋಷಣೆಯೇ ಉಯಿಲು. ಆ ಘೋಷಣೆಯನ್ನು ಒಳಗೊಂಡ ದಸ್ತಾವೇಜಿಗೂ ಇದೇ ಹೆಸರು. ಇದನ್ನು ವಿಲ್, ಮರಣಶಾಸನ ಎಂದೂ ಉತ್ತರ ಕರ್ನಾಟಕದಲ್ಲಿ ಮೃತ್ಯುಪತ್ರ ಎಂದೂ ಕರೆಯುತ್ತಾರೆ. ಭಾರತದಲ್ಲಿ ಉಯಿಲುಗಳನ್ನು ಮುಖ್ಯವಾಗಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ನಿಯಂತ್ರಿಸುತ್ತದೆ. ಮುಸ್ಲಿಮರ ಉಯಿಲಾದ ವಸೀಯತ್ತಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ.

ಉಯಿಲಿಗೆ ಎರಡು ಮೂಲಲಕ್ಷಣಗಳಿವೆ. ಬರೆದವರ ಮರಣದ ನಂತರವೇ ಅದು ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ರದ್ದುಪಡಿಸಬಹುದು. ಉಯಿಲು ಬರೆದ ಮಾತ್ರಕ್ಕೆ ಸ್ವತ್ತಿನ ಮೇಲಿನ ಹಕ್ಕು ಯಾರಿಗೂ ಹೋಗುವುದಿಲ್ಲ. ಬರೆದವರು ಅದೇ ಸ್ವತ್ತನ್ನು ಮರುದಿನವೇ ಮಾರಲು ಅಥವಾ ಅಡಮಾನ ಇಡಲು ಸ್ವತಂತ್ರರು.

ಪರಿಭಾಷೆ

ಉಯಿಲು ಬರೆಯುವ ವ್ಯಕ್ತಿ ಉಯಿಲುಕರ್ತ. ಉಯಿಲಿನ ಮೂಲಕ ಸ್ವತ್ತು ಪಡೆಯುವವರು ಫಲಾನುಭವಿಗಳು. ಉಯಿಲಿನಲ್ಲಿ ಹೇಳಿದ್ದನ್ನು ಕಾರ್ಯರೂಪಕ್ಕೆ ತರಲು ಉಯಿಲುಕರ್ತ ನೇಮಿಸಿದ ವ್ಯಕ್ತಿ ನಿರ್ವಾಹಕ. ಉಯಿಲುಕರ್ತ ಸಹಿ ಹಾಕಿದ್ದನ್ನು ಕಂಡು, ಅದಕ್ಕೆ ಗುರುತಾಗಿ ತಾವೂ ಸಹಿ ಹಾಕುವವರು ಸಾಕ್ಷಿಗಳು. ಮೂಲ ಉಯಿಲಿಗೆ ವಿವರಣೆ, ಬದಲಾವಣೆ ಅಥವಾ ಸೇರ್ಪಡೆ ಮಾಡುವ ದಸ್ತಾವೇಜು ಪೂರಕ ಉಯಿಲು. ವಕೀಲರು ಇದನ್ನು ಕಾಡಿಸಿಲ್ ಎನ್ನುತ್ತಾರೆ. ಉಯಿಲು ಇಲ್ಲದಿದ್ದಾಗ ಕಾನೂನಿನ ಪ್ರಕಾರ ಸ್ವತ್ತಿಗೆ ಹಕ್ಕುದಾರರಾಗುವವರು ವಾರಸುದಾರರು. ಉಯಿಲಿನ ನೈಜತೆಯನ್ನು ದೃಢಪಡಿಸಿ ನ್ಯಾಯಾಲಯವು ನಿರ್ವಾಹಕನಿಗೆ ಕೊಡುವ ಪ್ರಮಾಣಿತ ಪ್ರತಿ ಪ್ರೊಬೇಟ್.

ಉಗಮ ಮತ್ತು ಇತಿಹಾಸ

ಪ್ರಾಚೀನ ರೋಮನ್ ಕಾನೂನಿನಲ್ಲಿ ಉಯಿಲಿನ ಪದ್ಧತಿ ಬೆಳೆದಿತ್ತು. ಇಂಗ್ಲೆಂಡಿನಲ್ಲಿ 1540ರ ಕಾಯಿದೆ ಭೂಮಿಯನ್ನು ಉಯಿಲಿನ ಮೂಲಕ ಕೊಡಲು ಅವಕಾಶ ಮಾಡಿತು. 1837ರ ಕಾಯಿದೆ ಲಿಖಿತ ರೂಪ ಮತ್ತು ಇಬ್ಬರು ಸಾಕ್ಷಿಗಳ ನಿಯಮವನ್ನು ವಿಧಿಸಿತು. ಭಾರತದ ಇಂದಿನ ನಿಯಮಗಳಿಗೆ ಇದೇ ಮಾದರಿ.

ಧರ್ಮಶಾಸ್ತ್ರ ಗ್ರಂಥಗಳಲ್ಲಿ ಇಂದಿನ ಅರ್ಥದ ಉಯಿಲು ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನ ‘ಮಿತಾಕ್ಷರಾ’ ವ್ಯಾಖ್ಯಾನದ ಪ್ರಕಾರ, ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು. ಅವಿಭಕ್ತ ಕುಟುಂಬದ ಸದಸ್ಯ ಸತ್ತರೆ ಅವನ ಪಾಲು ಉಳಿದ ಸದಸ್ಯರಿಗೆ ಸೇರುತ್ತಿತ್ತು. ಆದ್ದರಿಂದ ಆ ಪಾಲನ್ನು ಉಯಿಲಿನಲ್ಲಿ ಬೇರೆಯವರಿಗೆ ಬರೆಯಲು ಎಡೆಯಿರಲಿಲ್ಲ. ಬಂಗಾಳದಲ್ಲಿ ಪ್ರಚಲಿತವಿದ್ದ, ಜೀಮೂತವಾಹನನ ‘ದಾಯಭಾಗ’ ಪದ್ಧತಿಯಲ್ಲಿ ತಂದೆಗೆ ಸ್ವತ್ತಿನ ಮೇಲೆ ಪೂರ್ಣ ಒಡೆತನವಿತ್ತು. ಹಿಂದೂಗಳಲ್ಲಿ ಉಯಿಲಿನ ರೂಢಿ ಮೊದಲು ಬಲವಾಗಿ ಬೇರೂರಿದ್ದೂ ಅಲ್ಲಿಯೇ.

1865ರ ಉತ್ತರಾಧಿಕಾರ ಕಾಯಿದೆ, 1870ರ ಹಿಂದೂ ಉಯಿಲುಗಳ ಕಾಯಿದೆ, 1881ರ ಪ್ರೊಬೇಟ್ ಮತ್ತು ಆಡಳಿತ ಕಾಯಿದೆಗಳನ್ನು ಒಗ್ಗೂಡಿಸಿ 1925ರ ಕಾಯಿದೆ ರೂಪುಗೊಂಡಿತು. ಅದರ 57ನೇ ಕಲಂ, 1927ರ ಜನವರಿ 1ರಿಂದ ಬ್ರಿಟಿಷ್ ಇಂಡಿಯಾದ ಎಲ್ಲ ಹಿಂದೂ, ಬೌದ್ಧ, ಸಿಖ್ ಮತ್ತು ಜೈನ ಉಯಿಲುಗಳನ್ನು ಏಕರೂಪದ ನಿಯಮಗಳಿಗೆ ಒಳಪಡಿಸಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿನ ತನ್ನ ಪಾಲನ್ನೂ ಉಯಿಲಿನ ಮೂಲಕ ಕೊಡಬಹುದೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 30ನೇ ಕಲಂ ಹೇಳಿತು. ತಾಯಿಯ ಕಡೆಯಿಂದ ಉತ್ತರಾಧಿಕಾರ ಸಾಗುವ ಕರಾವಳಿಯ ಅಳಿಯಸಂತಾನ ಕಟ್ಟಿನ ಕುಟುಂಬ ಮತ್ತು ಅದರ ಶಾಖೆಗಳಾದ ಕವರುಗಳ ಸದಸ್ಯರ ಪಾಲಿಗೂ ಅದೇ ಕಲಮಿನ ವಿವರಣೆ ಈ ಅವಕಾಶ ನೀಡಿತು.

ಬರೆಯಲು ಅರ್ಹತೆ

ಸ್ವಸ್ಥ ಮನಸ್ಸುಳ್ಳ, 18 ವರ್ಷ ತುಂಬಿದ ಯಾವುದೇ ವ್ಯಕ್ತಿ ಉಯಿಲು ಬರೆಯಬಹುದು. ವಿವಾಹಿತ ಮಹಿಳೆ ತನಗೆ ಸ್ವತಂತ್ರ ಹಕ್ಕಿರುವ ಯಾವುದೇ ಸ್ವತ್ತಿಗೆ ಉಯಿಲು ಬರೆಯಬಹುದು. ಅದಕ್ಕೆ ಗಂಡನ ಒಪ್ಪಿಗೆ ಬೇಕಿಲ್ಲ. ದೃಷ್ಟಿ, ಶ್ರವಣ ಅಥವಾ ಮಾತಿನ ಶಕ್ತಿ ಇಲ್ಲದವರೂ ತಾವು ಮಾಡುತ್ತಿರುವುದು ಏನೆಂದು ಅರಿಯಬಲ್ಲರಾದರೆ ಅರ್ಹರು. ಮಾನಸಿಕ ಅಸ್ವಸ್ಥತೆ ಇರುವವರು ಬುದ್ಧಿ ಸ್ಥಿಮಿತದಲ್ಲಿರುವ ಅವಧಿಯಲ್ಲಿ ಬರೆಯಬಹುದು. ಅಮಲಿನಿಂದಾಗಲಿ ಕಾಯಿಲೆಯಿಂದಾಗಲಿ ತಾನೇನು ಮಾಡುತ್ತಿದ್ದೇನೆಂಬ ಅರಿವಿಲ್ಲದ ಸ್ಥಿತಿಯಲ್ಲಿ ಬರೆದದ್ದು ಸಿಂಧುವಲ್ಲ. ಮೋಸ, ಬಲವಂತ ಅಥವಾ ಸ್ವತಂತ್ರ ಇಚ್ಛೆಯನ್ನೇ ಕಸಿಯುವಂಥ ಕಾಡಾಟದಿಂದ ಬರೆಸಿಕೊಂಡ ಉಯಿಲು ಅಥವಾ ಅದರ ಅಂಥ ಭಾಗ 1925ರ ಕಾಯಿದೆಯ 61ನೇ ಕಲಮಿನ ಪ್ರಕಾರ ಶೂನ್ಯ.

ಉಯಿಲಿಗೆ ಒಳಪಡುವ ಸ್ವತ್ತು

ಸ್ವಯಾರ್ಜಿತ ಮನೆ, ನಿವೇಶನ, ಜಮೀನು, ಬ್ಯಾಂಕ್ ಠೇವಣಿ, ಷೇರು, ಒಡವೆ, ವಾಹನ, ಗ್ರಂಥಸ್ವಾಮ್ಯ ಮೊದಲಾಗಿ ವ್ಯಕ್ತಿಗೆ ಒಡೆತನವಿರುವ ಸ್ಥಿರ ಮತ್ತು ಚರ ಸ್ವತ್ತುಗಳನ್ನೆಲ್ಲ ಉಯಿಲಿನಲ್ಲಿ ಸೇರಿಸಬಹುದು. ಒಡೆತನವಿಲ್ಲದ ಸ್ವತ್ತನ್ನು ಸೇರಿಸಿದರೆ ಆ ಭಾಗಕ್ಕೆ ಬೆಲೆಯಿಲ್ಲ. ಅವಿಭಕ್ತ ಕುಟುಂಬದ ಇಡೀ ಆಸ್ತಿಯನ್ನು ತಂದೆ ಒಬ್ಬ ಮಗನ ಹೆಸರಿಗೆ ಬರೆದಿಟ್ಟರೆ, ತಂದೆಯ ಪಾಲಿನಷ್ಟಕ್ಕೆ ಮಾತ್ರ ಅದು ಜಾರಿಯಾಗುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಸಮಪಾಲಿನ ಹಕ್ಕನ್ನು ಕರ್ನಾಟಕವು 1994ರ ತಿದ್ದುಪಡಿಯಿಂದ ಅವಿವಾಹಿತ ಪುತ್ರಿಯರಿಗೆ ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿ ಅದನ್ನು ಎಲ್ಲ ಪುತ್ರಿಯರಿಗೂ ವಿಸ್ತರಿಸಿತು. ತಂದೆಯ ಉಯಿಲು ಪುತ್ರಿಯ ಆ ಸ್ವಂತ ಪಾಲನ್ನು ತೆಗೆಯಲಾರದು.

ಕರ್ನಾಟಕದ ಗೇಣಿ ಜಮೀನುಗಳಿಗೆ ವಿಶೇಷ ನಿರ್ಬಂಧಗಳಿವೆ. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯ 21ನೇ ಕಲಮಿನ ಅಡಿಯಲ್ಲಿ, ಗೇಣಿದಾರನು ತನ್ನ ಗೇಣಿ ಹಕ್ಕನ್ನು ಹೊರಗಿನವರಿಗೆ ಉಯಿಲಿನ ಮೂಲಕ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1998ರಲ್ಲಿ, ಜಮಖಂಡಿ ಭೂನ್ಯಾಯಮಂಡಳಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ತೀರ್ಪು ನೀಡಿತು.

ರಚನೆ

ಉಯಿಲಿಗೆ ನಿಗದಿತ ನಮೂನೆ ಇಲ್ಲ. ಛಾಪಾ ಕಾಗದ ಬೇಕಿಲ್ಲ. ಮುದ್ರಾಂಕ ಶುಲ್ಕವೂ ಇಲ್ಲ. ಬಿಳಿ ಹಾಳೆಯ ಮೇಲೆ ಯಾವುದೇ ಭಾಷೆಯಲ್ಲಿ ಕೈಯಿಂದ ಬರೆಯಬಹುದು, ಟೈಪು ಮಾಡಿಸಬಹುದು. ರೂಢಿಯಲ್ಲಿರುವ ಉಯಿಲಿನಲ್ಲಿ ಈ ಭಾಗಗಳಿರುತ್ತವೆ:

1. ಉಯಿಲುಕರ್ತನ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ವಿಳಾಸ, ಬರೆದ ದಿನಾಂಕ ಮತ್ತು ಸ್ಥಳ.
2. ಸ್ವಸ್ಥಚಿತ್ತದಿಂದ, ಯಾರ ಬಲವಂತ, ಪ್ರೇರಣೆ ಇಲ್ಲದೆ ಬರೆಯುತ್ತಿರುವುದಾಗಿ ಹೇಳಿಕೆ. ಹಿಂದಿನ ಉಯಿಲುಗಳಿದ್ದರೆ ಅವನ್ನು ರದ್ದುಪಡಿಸುವ ಮಾತು.
3. ಕುಟುಂಬದ ವಿವರ, ಯಾರಿಗಾದರೂ ಪಾಲು ಕೊಡದಿದ್ದರೆ ಅದರ ಕಾರಣ.
4. ಯಾವ ಸ್ವತ್ತು ಯಾರಿಗೆ ಎಂಬ ಹಂಚಿಕೆ. ಫಲಾನುಭವಿ ಮೊದಲೇ ತೀರಿಕೊಂಡರೆ ಅದು ಯಾರಿಗೆ ಸೇರಬೇಕೆಂಬ ಬದಲಿ ವ್ಯವಸ್ಥೆ.
5. ಬೇರೆಲ್ಲೂ ಹೆಸರಿಸದ ಉಳಿಕೆ ಸ್ವತ್ತಿನ ಹಂಚಿಕೆ.
6. ನಿರ್ವಾಹಕನ ನೇಮಕ, ಮಕ್ಕಳು ಅಪ್ರಾಪ್ತರಾಗಿದ್ದರೆ ಪೋಷಕರ ನೇಮಕ.
7. ಸ್ವತ್ತಿನ ಷೆಡ್ಯೂಲು.
8. ಉಯಿಲುಕರ್ತನ ಸಹಿ, ಸಾಕ್ಷಿಗಳ ಸಹಿ ಮತ್ತು ವಿಳಾಸ, ದಸ್ತಾವೇಜು ಬರೆದುಕೊಟ್ಟವರ ಸಹಿ, ಅಂದರೆ ಬಿಕ್ಕಲಂ.

ಷೆಡ್ಯೂಲಿನಲ್ಲಿ ಜಮೀನಾದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಎಕರೆ–ಗುಂಟೆಯ ವಿಸ್ತೀರ್ಣವನ್ನೂ, ನಿವೇಶನವಾದರೆ ಖಾತೆ ಸಂಖ್ಯೆ ಮತ್ತು ಅಳತೆಯನ್ನೂ ನಮೂದಿಸುತ್ತಾರೆ. ಅದರ ಕೆಳಗೆ ಚೆಕ್ಕುಬಂದಿ ಬರುತ್ತದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಪಕ್ಕದವರ ನಿವೇಶನ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಚರಂಡಿ ಎಂಬಂತೆ ನಾಲ್ಕೂ ದಿಕ್ಕಿನ ಎಲ್ಲೆ. ‘ನನ್ನ ಊರಿನ ಮನೆ’ ಎಂದಷ್ಟೇ ಬರೆದು ಎರಡು ಮನೆಗಳಿದ್ದಾಗ ಹುಟ್ಟುವ ತಕರಾರನ್ನು ಈ ವಿವರ ತಡೆಯುತ್ತದೆ.

ಉಯಿಲನ್ನು ಇಡಿಯಾಗಿ ಓದಿ ಅರ್ಥೈಸಬೇಕೆಂಬುದು ಕಾನೂನಿನ ನಿಯಮ. ಎರಡು ಭಾಗಗಳು ಪರಸ್ಪರ ವಿರುದ್ಧವಾಗಿದ್ದು ಹೊಂದಿಸಲು ಸಾಧ್ಯವೇ ಇಲ್ಲದಿದ್ದರೆ, 1925ರ ಕಾಯಿದೆಯ 88ನೇ ಕಲಮಿನ ಪ್ರಕಾರ ಕೊನೆಯಲ್ಲಿ ಬರೆದದ್ದು ಊರ್ಜಿತವಾಗುತ್ತದೆ.

ಸಹಿ ಮತ್ತು ಸಾಕ್ಷಿ

1925ರ ಕಾಯಿದೆಯ 63ನೇ ಕಲಂ ಮೂರು ಅಗತ್ಯಗಳನ್ನು ವಿಧಿಸುತ್ತದೆ. ಉಯಿಲುಕರ್ತ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬೇಕು, ಇಲ್ಲವೇ ಅವನ ಸಮ್ಮುಖದಲ್ಲಿ, ಅವನ ಸೂಚನೆಯಂತೆ ಬೇರೊಬ್ಬರು ಸಹಿ ಹಾಕಬೇಕು. ಆ ಸಹಿ ಇಡೀ ಬರಹಕ್ಕೆ ಅನ್ವಯಿಸುವಂಥ ಜಾಗದಲ್ಲಿರಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು, ಉಯಿಲುಕರ್ತ ಸಹಿ ಹಾಕಿದ್ದನ್ನು ಕಣ್ಣಾರೆ ಕಂಡು ಅಥವಾ ಇದು ತನ್ನದೇ ಸಹಿ ಎಂದು ಅವನ ಬಾಯಿಂದಲೇ ಕೇಳಿ, ಅವನ ಸಮ್ಮುಖದಲ್ಲಿ ತಮ್ಮ ಸಹಿ ಹಾಕಬೇಕು. ಇಬ್ಬರು ಸಾಕ್ಷಿಗಳೂ ಒಂದೇ ಹೊತ್ತಿಗೆ ಹಾಜರಿರಬೇಕೆಂದಿಲ್ಲ. ಉಯಿಲಿನ ಒಕ್ಕಣೆ ಅವರಿಗೆ ತಿಳಿದಿರಬೇಕೆಂದೂ ಇಲ್ಲ.

ಕ್ರೈಸ್ತರು ಮತ್ತು ಪಾರ್ಸಿಗಳ ಉಯಿಲಿನಲ್ಲಿ ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ, ಹೆಂಡತಿಗೆ ಬರೆದ ಕೊಡುಗೆ ಶೂನ್ಯವಾಗುತ್ತದೆ. ಉಯಿಲಿನ ಉಳಿದ ಭಾಗ ನಿಲ್ಲುತ್ತದೆ. ಈ ನಿಯಮ ಹಿಂದೂ ಉಯಿಲುಗಳಿಗೆ ಅನ್ವಯಿಸದಿದ್ದರೂ ಫಲಾನುಭವಿಯಲ್ಲದವರನ್ನೇ ಸಾಕ್ಷಿಗಳಾಗಿ ಕರೆಯುವುದು ರೂಢಿ.

ವಿಧಗಳು

ಸಾಮಾನ್ಯ ಉಯಿಲು: ಮೇಲೆ ಹೇಳಿದ ಸಹಿ, ಸಾಕ್ಷಿಗಳ ನಿಯಮಕ್ಕೆ ಒಳಪಟ್ಟದ್ದು. ಬಹುತೇಕ ಉಯಿಲುಗಳು ಈ ವರ್ಗಕ್ಕೆ ಸೇರಿವೆ.

ವಿಶೇಷಾಧಿಕಾರದ ಉಯಿಲು: ಯುದ್ಧದಲ್ಲಿ ಅಥವಾ ದಂಡಯಾತ್ರೆಯಲ್ಲಿ ತೊಡಗಿರುವ ಸೈನಿಕ, ವಾಯುಪಡೆಯ ಯೋಧ ಮತ್ತು ಸಮುದ್ರದ ಮೇಲಿರುವ ನಾವಿಕನಿಗೆ ಮೀಸಲು. ಇದನ್ನು ಇಬ್ಬರು ಸಾಕ್ಷಿಗಳ ಎದುರು ಬಾಯಿಮಾತಿನಲ್ಲೂ ಮಾಡಬಹುದು. ವಿಶೇಷಾಧಿಕಾರದ ಸ್ಥಿತಿ ಮುಗಿದು ವ್ಯಕ್ತಿ ಬದುಕಿದ್ದರೆ, ಒಂದು ತಿಂಗಳ ಬಳಿಕ ಬಾಯಿಮಾತಿನ ಉಯಿಲು ಅಸಿಂಧುವಾಗುತ್ತದೆ.

ಸ್ವಹಸ್ತಾಕ್ಷರದ ಉಯಿಲು: ಪೂರ್ತಿಯಾಗಿ ಉಯಿಲುಕರ್ತನ ಕೈಬರಹದಲ್ಲಿರುವುದು. ಇದಕ್ಕೂ ಇಬ್ಬರು ಸಾಕ್ಷಿಗಳು ಬೇಕು.

ಜಂಟಿ ಮತ್ತು ಪರಸ್ಪರ ಉಯಿಲು: ಇಬ್ಬರು ಅಥವಾ ಹೆಚ್ಚು ಮಂದಿ ಒಂದೇ ದಸ್ತಾವೇಜಿನಲ್ಲಿ ಬರೆದದ್ದು ಜಂಟಿ ಉಯಿಲು. ದಂಪತಿಗಳು ಒಬ್ಬರಿಗೊಬ್ಬರು ಸ್ವತ್ತು ಬರೆದುಕೊಂಡದ್ದು ಪರಸ್ಪರ ಉಯಿಲು.

ಷರತ್ತಿನ ಉಯಿಲು: ನಿರ್ದಿಷ್ಟ ಘಟನೆ ನಡೆದರೆ ಅಥವಾ ಷರತ್ತು ಪೂರೈಸಿದರೆ ಮಾತ್ರ ಜಾರಿಗೆ ಬರುವುದು. ಕಾನೂನಿಗೆ ಅಥವಾ ನೀತಿಗೆ ವಿರುದ್ಧವಾದ ಷರತ್ತಿಗೆ ಅಧೀನವಾದ ಕೊಡುಗೆ ಶೂನ್ಯ.

ಲಿವಿಂಗ್ ವಿಲ್ ಉಯಿಲಿನ ಬಗೆಯಲ್ಲ. ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಮುಂಚಿತವಾಗಿ ತಿಳಿಸುವ ಈ ಪತ್ರವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇದು ಸ್ವತ್ತಿಗೆ ಸಂಬಂಧಿಸಿದ್ದಲ್ಲ. ಬರೆದವರು ಬದುಕಿರುವಾಗಲೇ ಜಾರಿಗೆ ಬರುತ್ತದೆ.

ನೋಂದಣಿ ಮತ್ತು ಠೇವಣಿ

1908ರ ನೋಂದಣಿ ಕಾಯಿದೆಯ 18ನೇ ಕಲಮಿನ ಪ್ರಕಾರ ಉಯಿಲಿನ ನೋಂದಣಿ ಐಚ್ಛಿಕ. ನೋಂದಾಯಿಸದ ಉಯಿಲೂ ಅಷ್ಟೇ ಸಿಂಧು. ನೋಂದಾಯಿತ ಉಯಿಲಿನ ನಂತರ ನೋಂದಾಯಿಸದ ಇನ್ನೊಂದು ಉಯಿಲನ್ನು ಸರಿಯಾಗಿ ಬರೆದಿದ್ದರೆ, ಕೊನೆಯದೇ ಊರ್ಜಿತ. ನೋಂದಣಿಯಿಂದ ಮೂಲಪ್ರತಿ ಕಳೆದರೂ ದಾಖಲೆ ಉಳಿಯುತ್ತದೆ. ಆದರೆ ಅದೊಂದೇ ಉಯಿಲನ್ನು ರುಜುವಾತು ಮಾಡುವುದಿಲ್ಲ.

ನೋಂದಣಿಗೆ ಉಯಿಲುಕರ್ತ ಸಾಕ್ಷಿಗಳೊಂದಿಗೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗುತ್ತಾರೆ. ಅಧಿಕಾರಿ ಗುರುತಿನ ದಾಖಲೆ ನೋಡಿ, ಬರೆದದ್ದು ಅವರೇ ಎಂದು ಕೇಳಿ ಖಚಿತಪಡಿಸಿಕೊಂಡು, ಭಾವಚಿತ್ರ ಮತ್ತು ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳುತ್ತಾರೆ. ಹಾಸಿಗೆ ಹಿಡಿದವರಿದ್ದಲ್ಲಿ, ವಿಶೇಷ ಕಾರಣ ತೋರಿಸಿದರೆ 31ನೇ ಕಲಮಿನ ಅಡಿಯಲ್ಲಿ ಅಧಿಕಾರಿ ಮನೆಗೇ ಬರಬಹುದು. ಉಯಿಲು ನೋಂದಣಿ ಕಚೇರಿಯ ಮೂರನೇ ಪುಸ್ತಕದಲ್ಲಿ ದಾಖಲಾಗುತ್ತದೆ. ಉಯಿಲುಕರ್ತ ಬದುಕಿರುವವರೆಗೆ ಅದರ ನಕಲು ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಸಿಗುತ್ತದೆ.

42ನೇ ಕಲಮಿನ ಅಡಿಯಲ್ಲಿ ಉಯಿಲನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವ ಅವಕಾಶವೂ ಇದೆ. ಮರಣಾನಂತರ ಅರ್ಜಿ ಬಂದಾಗ ಅರ್ಜಿದಾರರ ಸಮ್ಮುಖದಲ್ಲಿ ಲಕೋಟೆ ಒಡೆಯುತ್ತಾರೆ.

ಬದಲಾವಣೆ ಮತ್ತು ರದ್ದತಿ

ಹೊಸ ಉಯಿಲು, ಪೂರಕ ಉಯಿಲು, ಉಯಿಲಿನಂತೆಯೇ ಸಹಿ–ಸಾಕ್ಷಿಗಳಿರುವ ರದ್ದತಿ ಪತ್ರ, ಅಥವಾ ರದ್ದುಪಡಿಸುವ ಉದ್ದೇಶದಿಂದಲೇ ಹರಿಯುವುದು, ಸುಡುವುದು: ಇವು ರದ್ದತಿಯ ವಿಧಾನಗಳು. ಕ್ರೈಸ್ತರು ಮತ್ತು ಪಾರ್ಸಿಗಳಲ್ಲಿ ಉಯಿಲುಕರ್ತ ಮದುವೆಯಾದರೆ ಅದಕ್ಕೆ ಮುಂಚೆ ಬರೆದ ಉಯಿಲು ತಾನಾಗಿಯೇ ರದ್ದಾಗುತ್ತದೆ. ಹಿಂದೂಗಳಲ್ಲಿ ಮದುವೆಯಿಂದ ಉಯಿಲು ರದ್ದಾಗುವುದಿಲ್ಲ. ಹೆಸರಿಸಿ ಬರೆದ ಸ್ವತ್ತನ್ನು ಉಯಿಲುಕರ್ತ ಜೀವಿತಕಾಲದಲ್ಲೇ ಮಾರಿದರೆ ಆ ಕೊಡುಗೆ ಬಿದ್ದುಹೋಗುತ್ತದೆ.

ಉಯಿಲು ಇಲ್ಲದಾಗಿನ ಹಂಚಿಕೆ

ಉಯಿಲು ಬರೆಯದೆ ತೀರಿಕೊಂಡವರ ಸ್ವತ್ತು ಅವರಿಗೆ ಅನ್ವಯಿಸುವ ಉತ್ತರಾಧಿಕಾರ ಕಾನೂನಿನಂತೆ ಹಂಚಿಕೆಯಾಗುತ್ತದೆ.

ಹಿಂದೂ ಪುರುಷ: ಹೆಂಡತಿ, ಮಕ್ಕಳು ಮತ್ತು ತಾಯಿ ಮೊದಲ ವರ್ಗದ ವಾರಸುದಾರರು. ಹೆಂಡತಿ, ತಾಯಿ, ಒಬ್ಬ ಮಗ, ಒಬ್ಬ ಮಗಳು ಇದ್ದರೆ ಸ್ವಯಾರ್ಜಿತ ಸ್ವತ್ತು ನಾಲ್ಕು ಸಮಪಾಲಾಗುತ್ತದೆ. ತಂದೆ ಈ ವರ್ಗದಲ್ಲಿಲ್ಲ. ವೀರಶೈವ, ಲಿಂಗಾಯತ, ಜೈನ, ಬೌದ್ಧ ಮತ್ತು ಸಿಖ್ಖರಿಗೂ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಅನ್ವಯಿಸುತ್ತದೆ.

ಹಿಂದೂ ಮಹಿಳೆ: ಅದೇ ಕಾಯಿದೆಯ 15ನೇ ಕಲಮಿನ ಪ್ರಕಾರ ಮೊದಲು ಮಕ್ಕಳು ಮತ್ತು ಗಂಡ, ಅವರಿಲ್ಲದಿದ್ದರೆ ಗಂಡನ ವಾರಸುದಾರರು, ಆ ಬಳಿಕ ತಂದೆ–ತಾಯಿ. ಮಕ್ಕಳಿಲ್ಲದ ವಿಧವೆ ಸ್ವಂತ ದುಡಿಮೆಯಿಂದ ಕೊಂಡ ಮನೆಯೂ ತಾಯಿಗೆ ಹೋಗದೆ ಗಂಡನ ಕಡೆಯವರಿಗೆ ಹೋಗುತ್ತದೆ. ತಂದೆ–ತಾಯಿಯಿಂದ ಉತ್ತರಾಧಿಕಾರವಾಗಿ ಬಂದ ಸ್ವತ್ತು ಮಾತ್ರ, ಮಕ್ಕಳಿಲ್ಲದಿದ್ದಲ್ಲಿ, ತಂದೆಯ ವಾರಸುದಾರರಿಗೆ ಮರಳುತ್ತದೆ.

ಕ್ರೈಸ್ತ ಪುರುಷ: ಹೆಂಡತಿಗೆ ಮೂರನೇ ಒಂದು ಪಾಲು, ಮಕ್ಕಳಿಗೆ ಮೂರನೇ ಎರಡು ಪಾಲು.

ಮುಸ್ಲಿಮರು: ವೈಯಕ್ತಿಕ ಕಾನೂನು ನಿಗದಿಪಡಿಸಿದ ಪಾಲುಗಳು. ಅಂತ್ಯಕ್ರಿಯೆಯ ವೆಚ್ಚ ಮತ್ತು ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ವಾರಸುದಾರರ ಒಪ್ಪಿಗೆ ಇಲ್ಲದೆ ವಸೀಯತ್ತಿನಲ್ಲಿ ಕೊಡಬಹುದು. ಒಟ್ಟು ₹15 ಲಕ್ಷದಲ್ಲಿ ಸಾಲ ಮತ್ತು ವೆಚ್ಚಕ್ಕೆ ₹3 ಲಕ್ಷ ಹೋದರೆ, ಉಳಿದ ₹12 ಲಕ್ಷದಲ್ಲಿ ಈ ಮಿತಿ ₹4 ಲಕ್ಷ. ಹನಫಿ ಪದ್ಧತಿಯಲ್ಲಿ ವಾರಸುದಾರನಿಗೇ ಬರೆದ ವಸೀಯತ್ತು ಉಳಿದ ವಾರಸುದಾರರು ಒಪ್ಪಿದರೆ ಮಾತ್ರ ನಿಲ್ಲುತ್ತದೆ. ವಸೀಯತ್ತು ಬಾಯಿಮಾತಿನಲ್ಲೂ ಇರಬಹುದು.

ಉಯಿಲಿನ ಅಗತ್ಯ

ಉಯಿಲು ಬರೆಯಲೇಬೇಕೆಂಬ ಕಡ್ಡಾಯ ಯಾರಿಗೂ ಇಲ್ಲ. ವ್ಯಕ್ತಿ ಬಯಸುವ ಹಂಚಿಕೆ ಮತ್ತು ಕಾನೂನು ಮಾಡುವ ಹಂಚಿಕೆ ಒಂದೇ ಆಗಿದ್ದು, ಸ್ವತ್ತು ಸರಳವಾಗಿದ್ದು, ವಾರಸುದಾರರಲ್ಲಿ ಒಮ್ಮತವಿದ್ದರೆ ಉಯಿಲು ಇಲ್ಲದೆಯೂ ಸ್ವತ್ತು ಅವರಿಗೆ ಸೇರುತ್ತದೆ. ಎರಡರ ನಡುವೆ ಅಂತರವಿದ್ದಾಗ ಉಯಿಲು ಬೇಕಾಗುತ್ತದೆ. ಅಂಥ ಮುಖ್ಯ ಸಂದರ್ಭಗಳು ಇವು:

– ಮಕ್ಕಳಿಲ್ಲದ ದಂಪತಿಗಳು, ವಿಧವೆಯರು, ಅವಿವಾಹಿತರು.
– ಕಾನೂನಿನಂತೆ ದತ್ತು ಪಡೆಯದ ಸಾಕುಮಕ್ಕಳು, ಮಲಮಕ್ಕಳು, ಸೊಸೆ ಅಥವಾ ಆರೈಕೆ ಮಾಡಿದವರಿಗೆ ಸ್ವತ್ತು ಕೊಡಬೇಕೆಂದಿರುವವರು. ಹೀಗೆ ಸ್ವತ್ತು ಪಡೆಯುವವರು ಸಾಮಾನ್ಯವಾಗಿ ವಾರಸುದಾರರ ಸಾಲಿನಲ್ಲಿ ಬರುವುದಿಲ್ಲ.
– ಮದುವೆಯಾಗದೆ ಜೊತೆಗೆ ಬಾಳುವವರು.
– ಅಂಗವೈಕಲ್ಯ ಅಥವಾ ಬೌದ್ಧಿಕ ನ್ಯೂನತೆ ಇರುವ ಮಗುವಿಗೆ ಹೆಚ್ಚಿನ ಭದ್ರತೆ ಒದಗಿಸಬೇಕಾದ ತಂದೆ–ತಾಯಿಯರು.
– ಸಂಗಾತಿ ಬದುಕಿರುವವರೆಗೆ ಮನೆಯಲ್ಲಿ ವಾಸದ ಹಕ್ಕು, ಆ ಬಳಿಕ ಮಕ್ಕಳಿಗೆ ಒಡೆತನ ಎಂಬಂಥ ವ್ಯವಸ್ಥೆ ಬಯಸುವವರು.
– ವಿದ್ಯಾಸಂಸ್ಥೆ, ದೇವಸ್ಥಾನ, ಧರ್ಮಕಾರ್ಯಕ್ಕೆ ದಾನ ಮಾಡುವವರು.
– ಹೊರದೇಶದಲ್ಲಿ ನೆಲೆಸಿದ್ದು ಊರಿನಲ್ಲಿ ಸ್ಥಿರಾಸ್ತಿ ಹೊಂದಿರುವ ಕನ್ನಡಿಗರು. ಭಾರತದಲ್ಲಿನ ಸ್ಥಿರಾಸ್ತಿಗೆ, ಒಡೆಯರು ಎಲ್ಲಿ ತೀರಿಕೊಂಡರೂ, ಭಾರತದ ಕಾನೂನೇ ಅನ್ವಯಿಸುತ್ತದೆ.

ಹಿಂದೂ ಉಯಿಲುಕರ್ತ ತನ್ನ ಸ್ವಂತ ಸ್ವತ್ತಿನಲ್ಲಿ ಯಾವ ವಾರಸುದಾರನಿಗೂ ಪಾಲು ಕೊಡದಿರಬಹುದು. ಆದರೂ ಪಾಲು ಸಿಗದ ಅವಲಂಬಿತರು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ 22ನೇ ಕಲಮಿನ ಅಡಿಯಲ್ಲಿ, ಸ್ವತ್ತು ಪಡೆದವರಿಂದ ಜೀವನಾಂಶ ಕೇಳಬಹುದು.

ಇತರ ದಸ್ತಾವೇಜುಗಳೊಂದಿಗೆ ವ್ಯತ್ಯಾಸ

ದಾನಪತ್ರ ತಕ್ಷಣ ಜಾರಿಗೆ ಬರುತ್ತದೆ. ಸ್ಥಿರಾಸ್ತಿಯ ದಾನಪತ್ರಕ್ಕೆ ನೋಂದಣಿ ಮತ್ತು ಮುದ್ರಾಂಕ ಶುಲ್ಕ ಕಡ್ಡಾಯ. ಸಾಮಾನ್ಯವಾಗಿ ಅದನ್ನು ಹಿಂಪಡೆಯಲಾಗದು. ನೋಡಿಕೊಳ್ಳುವ ಷರತ್ತಿನ ಮೇಲೆ ಹಿರಿಯ ನಾಗರಿಕರು ಬರೆದುಕೊಟ್ಟ ದಾನಪತ್ರವನ್ನು, ಷರತ್ತು ಮುರಿದಾಗ, ಅವರ ರಕ್ಷಣೆಗಾಗಿ ಬಂದ 2007ರ ಕಾಯಿದೆಯ 23ನೇ ಕಲಮಿನ ಅಡಿಯಲ್ಲಿ ರದ್ದುಪಡಿಸಬಹುದು. ಉಯಿಲಿನಲ್ಲಿ ಸ್ವತ್ತು ಕೊನೆಯವರೆಗೂ ಬರೆದವರ ಕೈಯಲ್ಲೇ ಉಳಿಯುವುದರಿಂದ ಈ ಸಮಸ್ಯೆ ಬರುವುದಿಲ್ಲ.

ನಾಮನಿರ್ದೇಶನ ಉಯಿಲಿಗೆ ಬದಲಿಯಲ್ಲ. ನಾಮಿನಿ ಹಣವನ್ನು ಪಡೆದುಕೊಳ್ಳುವ ವ್ಯಕ್ತಿ. ಒಡೆತನ ಉಯಿಲಿನ ಅಥವಾ ಉತ್ತರಾಧಿಕಾರ ಕಾನೂನಿನ ಪ್ರಕಾರ ನಿರ್ಧಾರವಾಗುತ್ತದೆ. ಜೀವವಿಮೆಯ ಬಗ್ಗೆ 1983ರಲ್ಲಿ, ಕಂಪನಿ ಷೇರುಗಳ ಬಗ್ಗೆ 2023ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ತೀರ್ಪು ನೀಡಿತು. ವಿಮೆಗೆ ಸಂಬಂಧಿಸಿದಂತೆ 2015ರ ತಿದ್ದುಪಡಿಯ ಬಳಿಕ ತಂದೆ–ತಾಯಿ, ಸಂಗಾತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಹಕ್ಕು ಅವರಿಗೇ ಸೇರುತ್ತದೆ.

ಜಾರಿ ಮತ್ತು ರುಜುವಾತು

ಉಯಿಲುಕರ್ತ ತೀರಿಕೊಂಡ ಬಳಿಕ ನಿರ್ವಾಹಕನು ಮೊದಲು ಅಂತ್ಯಕ್ರಿಯೆಯ ವೆಚ್ಚ ಮತ್ತು ಸಾಲಗಳನ್ನು ತೀರಿಸಿ, ಉಳಿದ ಸ್ವತ್ತನ್ನು ಫಲಾನುಭವಿಗಳಿಗೆ ವಹಿಸುತ್ತಾನೆ. ಜಮೀನಿನ ಪಹಣಿ ಅಥವಾ ಮನೆಯ ಖಾತೆ ಬದಲಾವಣೆಗೆ ಮರಣ ಪ್ರಮಾಣಪತ್ರ ಮತ್ತು ಉಯಿಲಿನೊಂದಿಗೆ ಅರ್ಜಿ ಸಲ್ಲಿಸಬೇಕು. ವಾರಸುದಾರರು ಉಯಿಲನ್ನೇ ಪ್ರಶ್ನಿಸಿದರೆ ಅದರ ಸತ್ಯಾಸತ್ಯತೆಯನ್ನು ಸಿವಿಲ್ ನ್ಯಾಯಾಲಯ ತೀರ್ಮಾನಿಸುತ್ತದೆ.

ನ್ಯಾಯಾಲಯದಲ್ಲಿ ಉಯಿಲನ್ನು ಸಾಬೀತುಪಡಿಸಲು ಕನಿಷ್ಠ ಒಬ್ಬ ಸಾಕ್ಷಿಯ ಹೇಳಿಕೆ ಬೇಕು. 1872ರ ಸಾಕ್ಷ್ಯ ಕಾಯಿದೆಯ 68ನೇ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಮಿನಲ್ಲಿದೆ. ಸಾಕ್ಷಿಗಳಲ್ಲಿ ಯಾರೂ ಸಿಗದಿದ್ದರೆ ಸಹಿ ಮತ್ತು ಕೈಬರಹವನ್ನು ಗುರುತಿಸುವವರ ಮೂಲಕ ರುಜುವಾತು ಮಾಡಬಹುದು. ಸಾಕ್ಷಿಗಳು ಉಯಿಲುಕರ್ತನಿಗಿಂತ ಕಿರಿಯರೂ ಸುಲಭವಾಗಿ ಸಿಗುವವರೂ ಆಗಿದ್ದರೆ ಅನುಕೂಲವೆಂಬುದು ಇದೇ ಕಾರಣಕ್ಕೆ.

ಈ ವಿಷಯದಲ್ಲಿ ದೇಶದಾದ್ಯಂತ ಆಧಾರವಾಗಿರುವ ತೀರ್ಪು ಮೈಸೂರಿನಿಂದ ಹೋದ ಮೇಲ್ಮನವಿಯೊಂದರಲ್ಲಿ, 1958ರಲ್ಲಿ ಬಂದ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು. ನಡುಗುವ ಸಹಿ, ದುರ್ಬಲ ಮನಸ್ಥಿತಿ, ಸಹಜ ವಾರಸುದಾರರನ್ನು ಕಾರಣವಿಲ್ಲದೆ ಕೈಬಿಟ್ಟಿರುವುದು, ದೊಡ್ಡ ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿರುವುದು ಮುಂತಾದ ಅನುಮಾನಾಸ್ಪದ ಸಂಗತಿಗಳಿದ್ದರೆ, ಅವುಗಳನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರ ಮೇಲಿದೆ ಎಂದು ಅದು ವಿಧಿಸಿತು.

ಇಂದಿನ ಸ್ಥಿತಿ

ಕರ್ನಾಟಕದಲ್ಲಿ ಬರೆದ, ಇಲ್ಲಿನ ಸ್ವತ್ತಿಗೆ ಸಂಬಂಧಿಸಿದ ಹಿಂದೂ ಉಯಿಲುಗಳಿಗೆ ಪ್ರೊಬೇಟ್ ಕಡ್ಡಾಯವಿರಲಿಲ್ಲ. ಮುಂಬೈ, ಚೆನ್ನೈ ನಗರಗಳು ಮತ್ತು ಹಿಂದಿನ ಬಂಗಾಳ ಪ್ರಾಂತ್ಯಕ್ಕೆ ಸಂಬಂಧಿಸಿದ ಉಯಿಲುಗಳಿಗೆ 1925ರ ಕಾಯಿದೆಯ 213ನೇ ಕಲಂ ಅದನ್ನು ಕಡ್ಡಾಯಗೊಳಿಸಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ರದ್ದತಿ ಮತ್ತು ತಿದ್ದುಪಡಿ ಕಾಯಿದೆ ಆ ಕಲಮನ್ನು ಕೈಬಿಟ್ಟಿತು. ಧಾರ್ಮಿಕ ಮತ್ತು ದತ್ತಿ ಉದ್ದೇಶಗಳಿಗೆ ಕ್ರೈಸ್ತರು ಉಯಿಲು ಬರೆಯುವುದನ್ನು ನಿರ್ಬಂಧಿಸಿದ್ದ, ಅದೇ 1925ರ ಕಾಯಿದೆಯ 118ನೇ ಕಲಮನ್ನು ಸುಪ್ರೀಂ ಕೋರ್ಟ್ 2003ರಲ್ಲೇ ಅಸಾಂವಿಧಾನಿಕವೆಂದು ತೆಗೆದುಹಾಕಿತ್ತು.

1953ರಲ್ಲಿ ಬಂದ ಎಸ್ಟೇಟ್ ಸುಂಕ 1985ರಲ್ಲಿ ರದ್ದಾದ ಬಳಿಕ ಭಾರತದಲ್ಲಿ ಉತ್ತರಾಧಿಕಾರಕ್ಕೆ ತೆರಿಗೆ ಇಲ್ಲ. ಉಯಿಲಿನ ಮೂಲಕ ಬಂದ ಸ್ವತ್ತನ್ನು ಆದಾಯವೆಂದು ಪರಿಗಣಿಸುವುದೂ ಇಲ್ಲ. ಆ ಸ್ವತ್ತಿನಿಂದ ಮುಂದೆ ಬರುವ ಬಾಡಿಗೆ, ಬಡ್ಡಿ ಮತ್ತು ಮಾರಾಟದ ಲಾಭಕ್ಕೆ ತೆರಿಗೆ ಇದೆ.

ಕಚೇರಿ ಕೆಲಸಗಳು ಗಣಕೀಕೃತವಾಗಿ, ಕರ್ನಾಟಕದಲ್ಲಿ ಕಾವೇರಿ 2.0 ತಂತ್ರಾಂಶ ನೋಂದಣಿ ವ್ಯವಸ್ಥೆಗೆ ಬಂದಿದ್ದರೂ ಉಯಿಲು ಇಂದಿಗೂ ಕಾಗದದ ದಸ್ತಾವೇಜೇ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ತನ್ನ ವ್ಯಾಪ್ತಿಯಿಂದ ಉಯಿಲನ್ನು ಹೊರಗಿಟ್ಟಿರುವುದರಿಂದ ಇ–ಮೇಲ್, ಡಿಜಿಟಲ್ ಸಹಿ ಅಥವಾ ಮೊಬೈಲ್ ಸಂದೇಶದ ರೂಪದ ಉಯಿಲಿಗೆ ಮಾನ್ಯತೆ ಇಲ್ಲ. ಸಹಿ ಹಾಕುವುದನ್ನು ವಿಡಿಯೊ ಮಾಡಿಟ್ಟರೆ ಅದು ಪೂರಕ ಸಾಕ್ಷ್ಯವಾಗಬಹುದು. ಇಬ್ಬರು ಸಾಕ್ಷಿಗಳ ಸಹಿಗೆ ಬದಲಿಯಾಗದು.